ಟೈಪಿಸಿದ ಹೆಸರು ಟೈಪಿಸಿದಂತೆಯೇ ಉಳಿಯಲಿ

ಲಕ್ಷ್ಮೀನಾರಾಯಣ. ಓದುವವರ ಕಣ್ಣಿಗೆ ಇದು ಆರು ಅಕ್ಷರಗಳ ಹೆಸರು. ಯುನಿಕೋಡ್ ಲೆಕ್ಕದಲ್ಲಿ ಒತ್ತು, ಗುಣಿತ ಎಲ್ಲ ಬಿಡಿಬಿಡಿಯಾಗಿ ಸೇರಿ 13 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. ಅಲ್ಲಿಗೆ 39 ಬೈಟ್ ಆಯಿತು. ಹೆಸರಿನ ಕಾಲಂಗೆ 30 ಬೈಟ್ ಮಾತ್ರ ಕೊಟ್ಟು ಮಿಕ್ಕದ್ದನ್ನು ಸದ್ದಿಲ್ಲದೆ ಕತ್ತರಿಸುವ ವ್ಯವಸ್ಥೆಯಲ್ಲಿ ಆ ಮನುಷ್ಯ 'ಲಕ್ಷ್ಮೀನಾರ' ಆಗಿಬಿಡುತ್ತಾನೆ. ಇಂಗ್ಲಿಷ್ ಲಿಪಿಯಲ್ಲಾದರೆ ಅದೇ ಹೆಸರಿಗೆ 15 ಬೈಟ್ ಸಾಕು. ಹಾಗಾಗಿ ಇಂಗ್ಲಿಷ್ ಹೆಸರಿನಲ್ಲಷ್ಟೇ ಪರೀಕ್ಷೆ ಮಾಡಿದವರಿಗೆ ಈ ಕುಂದು ಕಾಣುವುದೇ ಇಲ್ಲ.

ಇದಕ್ಕಿಂತ ಕೆಟ್ಟದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಜನಪ್ರಿಯ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನಲ್ಲಿ ಬಹಳ ಕಾಲ ಡೀಫಾಲ್ಟ್ ಆಗಿದ್ದದ್ದು ಲ್ಯಾಟಿನ್-1. ಒಂದೇ ಬೈಟಿನ ಆ ಕೋಷ್ಟಕದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. 2018ರಲ್ಲಿ ಬಂದ 8.0 ಆವೃತ್ತಿ ಇದನ್ನು ಸರಿಪಡಿಸಿತು. ಆದರೆ ಹಳೆಯ ಟೇಬಲ್‌ಗಳು ತಾವಾಗಿ ಬದಲಾಗುವುದಿಲ್ಲ. ಇಂಥ ಟೇಬಲ್‌ಗೆ, ಕಟ್ಟುನಿಟ್ಟಿನ ತಪಾಸಣೆಯೂ ಇಲ್ಲದಾಗ, ಕನ್ನಡ ಬಂದರೆ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆ ದಾಖಲಾಗುತ್ತದೆ. ಪರದೆಯ ಮೇಲೆ ಕಲಸುಮೇಲೋಗರವಾಗಿ ಕಂಡ ಬರಹವನ್ನು ಎಷ್ಟೋ ಸಲ ಮರಳಿ ಪಡೆಯಬಹುದು. ಹೀಗೆ ದಾಖಲಾದ ಚಿಹ್ನೆಯಿಂದ ಮೂಲ ಹೆಸರನ್ನು ಯಾವ ತಂತ್ರಜ್ಞನೂ ಹೊರತೆಗೆಯಲಾರ.

'ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ' ಎಂಬ ನಿಯಮವೂ ಕನ್ನಡಕ್ಕೆ ಕಂಟಕ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಫಾರಂ ಅದನ್ನು ಕಸವೆಂದು ಕಿತ್ತುಹಾಕಿದರೆ ಉಳಿಯುವುದು 'ರಾಜ್ಕುಮಾರ್'. ಗುಣಿತದ ಚಿಹ್ನೆಗಳನ್ನು ಅಕ್ಷರವೆಂದೇ ಒಪ್ಪದ ಫಾರಂಗಳೂ ಇವೆ.

ಒಂದು ದಾಖಲೆಯ ಹೆಸರು ಇನ್ನೊಂದಕ್ಕೆ ತಾಳೆಯಾಗದಿದ್ದರೆ ಕಚೇರಿಗೆ ಅಲೆಯಬೇಕಾದವರು ವೃದ್ಧರು, ಕೂಲಿಯವರು. ಆದ್ದರಿಂದ ತಂತ್ರಾಂಶ ಬರೆಯುವ ಕನ್ನಡಿಗರಲ್ಲಿ ವಿನಂತಿ: ವೆಬ್ ಪುಟ, ಡೇಟಾಬೇಸಿನ ಸಂಪರ್ಕ, ಟೇಬಲ್, ಈ ಮೂರೂ ಕಡೆ ಯುಟಿಎಫ್-8 ಇರಲಿ, ಮೈಎಸ್‌ಕ್ಯೂಎಲ್ ಆದರೆ 4 ಬೈಟಿನ ಪೂರ್ಣ ರೂಪವನ್ನೇ ಆರಿಸಿ. ಉದ್ದವನ್ನು ಬೈಟಿನಲ್ಲಿ ಅಳೆಯಬೇಡಿ. ಮೇಲಿನ ಎರಡು ಹೆಸರನ್ನೂ ಫಾರಂನಲ್ಲಿ ತುಂಬಿ, ಉಳಿಸಿ, ಹುಡುಕಿ, ಮುದ್ರಿಸಿ ನೋಡದೆ ಜನರ ಕೈಗೆ ಕೊಡಬೇಡಿ.

ಫಾರಂ ತುಂಬುವವರಲ್ಲೂ ಒಂದು ಕೋರಿಕೆ. ಕನ್ನಡ ಕೆಟ್ಟಿತೆಂದು ಸುಮ್ಮನೆ ಇಂಗ್ಲಿಷಿಗೆ ಹೊರಳಿಕೊಳ್ಳಬೇಡಿ. ಟೈಪಿಸಿದ್ದೇನು, ರಸೀದಿಯಲ್ಲಿ ಬಂದದ್ದೇನು ಎಂಬ ಎರಡು ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಹಾಕಿ, ಸಂಬಂಧಪಟ್ಟವರಿಗೆ ದೂರು ಕೊಡಿ.