ಹೋಗುವಾಗಲೋ, ಬರುವಾಗಲೋ?

ವೈಪರ್ ಅದುರಿದರೆ ಬ್ಲೇಡ್ ಬದಲಾಯಿಸಬೇಕು ಎಂಬುದು ಈಗ ಎಲ್ಲರೂ ಒಪ್ಪಿಕೊಂಡಿರುವ ಮಾತು. ಸರ್ವಿಸ್ ಸೆಂಟರಿನವರು ಹೇಳುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬುವ ಹುಡುಗ ಹೇಳುತ್ತಾನೆ, ಪಕ್ಕದ ಮನೆಯವರೂ ಹೇಳುತ್ತಾರೆ. ಕೆಲವು ನೂರು ರೂಪಾಯಿಯ ವಿಷಯ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಸ ಬ್ಲೇಡ್ ಬರುತ್ತದೆ. ನಾಲ್ಕು ಮಳೆ ಕಳೆಯುವಷ್ಟರಲ್ಲಿ ಗಾಜಿನ ಮೇಲೆ ಮತ್ತೆ ಅದೇ ಗರಗರ ಸದ್ದು, ಅದೇ ಕುಪ್ಪಳಿಕೆ, ಅದೇ ಗೆರೆಗಳ ಸಾಲು. ಆಗ ಆ ಕಂಪನಿಯನ್ನು ಬೈದು ಇನ್ನೊಂದು ಕಂಪನಿಯ ಬ್ಲೇಡ್ ತರುತ್ತೇವೆ. ಕಾಯಿಲೆ ಏನೆಂದು ಕೇಳದೆ ಮಾತ್ರೆ ಬದಲಾಯಿಸುವ ಈ ಪದ್ಧತಿಯ ಮೇಲೆ ನನ್ನ ತಕರಾರು. ಇದನ್ನು ಬೆಳೆಸಿದ್ದರಲ್ಲಿ ಕಾರು ಮಾರುವವರಿಗೆ ಪಾಲಿರುವ ಹಾಗೆಯೇ ಕನ್ನಡದಲ್ಲಿ ಓದುವ, ಬರೆಯುವ, ಸಂಶೋಧನೆ ಮಾಡುವ ನಮಗೂ ಪಾಲಿದೆ.

ಮೊದಲು ಅದುರುವುದು ಎಂದರೇನು ಎಂದು ನೋಡೋಣ. ಗಾಜಿನ ಮೇಲೆ ರಬ್ಬರ್ ಸಲೀಸಾಗಿ ಜಾರಬೇಕಾದರೆ ನಡುವೆ ನೀರಿನ ತೆಳುವಾದ ಪದರ ಬೇಕು. ಆ ಪದರ ಹರಿದ ಕಡೆ ರಬ್ಬರ್ ಗಾಜನ್ನು ಕಚ್ಚಿಕೊಳ್ಳುತ್ತದೆ. ಮೋಟಾರು ಎಳೆಯುತ್ತಲೇ ಇರುತ್ತದೆ. ರಬ್ಬರೂ ಅದನ್ನು ಹಿಡಿದಿರುವ ಆರ್ಮೂ ಬಿಲ್ಲಿನ ಹಾಗೆ ಬಾಗಿ, ಇನ್ನು ತಾಳಲಾರದೆ ಹೋದಾಗ ಹಿಡಿತ ಬಿಟ್ಟು ಮುಂದಕ್ಕೆ ಚಿಮ್ಮುತ್ತವೆ. ಚಿಮ್ಮಿದಲ್ಲಿ ಮತ್ತೆ ಕಚ್ಚುತ್ತವೆ. ಒಂದೇ ಬೀಸಿನಲ್ಲಿ ಇದು ಹತ್ತಾರು ಸಲ ನಡೆದಾಗ ನಾವು ವೈಪರ್ ಅದುರುತ್ತಿದೆ ಎನ್ನುತ್ತೇವೆ. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರ್ರೆನ್ನುವುದೂ, ಪಿಟೀಲಿನ ತಂತಿ ಕಮಾನಿನ ಕೆಳಗೆ ನಾದ ಹೊರಡಿಸುವುದೂ ಇದೇ ಕಚ್ಚಿ ಬಿಡುವ ಆಟದಿಂದ. ಕಮಾನಿಗೆ ರಾಳ ಹಚ್ಚುವುದು ತಂತಿಯನ್ನು ಚೆನ್ನಾಗಿ ಕಚ್ಚಲಿ ಎಂದೇ. ಪಿಟೀಲಿಗೆ ಬೇಕಾದ ಈ ಗುಣ ವೈಪರಿಗೆ ಬೇಡ.

ಇಷ್ಟು ಗೊತ್ತಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ ತಾನಾಗಿ ಹೊಳೆಯುತ್ತದೆ: ಯಾವ ಮಳೆಗೆ ಅದುರುತ್ತದೆ? ಜಡಿಮಳೆಯಲ್ಲಿ ನೀರಿನ ಪದರ ಹರಿಯುವುದೇ ಇಲ್ಲ, ವೈಪರ್ ಸುಮ್ಮನೆ ಓಡಾಡಿಕೊಂಡಿರುತ್ತದೆ. ತುಂತುರಿನಲ್ಲಿ, ಮಳೆ ನಿಂತು ಗಾಜು ಅರ್ಧ ಒಣಗಿದ ಹೊತ್ತಿನಲ್ಲಿ ರಬ್ಬರಿನ ಹಿಡಿತ ಅತಿ ಹೆಚ್ಚು. ಅಷ್ಟಕ್ಕೆ ಮಾತ್ರ ಅದುರಿದರೆ ಬಹುತೇಕ ಯಾವ ದೋಷವೂ ಇಲ್ಲ. ಬಿಟ್ಟು ಬಿಟ್ಟು ಬೀಸುವ ಗತಿಗೆ ಇಳಿಸಿದರೆ ಸಾಕು. ಈ ಬಿಟ್ಟು ಬಿಟ್ಟು ಬೀಸುವ ವೈಪರಿಗಾಗಿ ಅಮೆರಿಕದ ರಾಬರ್ಟ್ ಕರ್ನ್ಸ್ ಫೋರ್ಡ್ ಮತ್ತು ಕ್ರೈಸ್ಲರ್ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿ ವರ್ಷಗಟ್ಟಲೆ ಬಡಿದಾಡಿದರು. 2008ರಲ್ಲಿ ಅವರ ಕಥೆ ಸಿನಿಮಾ ಆಯಿತು. ತುಂತುರಿಗೆ ಬೇರೆಯದೇ ಬೀಸು ಬೇಕೆಂಬ ತಿಳಿವಳಿಕೆಗೆ ಅಷ್ಟು ಬೆಲೆಯಿತ್ತು. ತುಂತುರು, ಸೋನೆ, ಜಡಿ ಎಂದು ಮಳೆಯನ್ನು ಬಿಡಿಸಿ ಹೇಳುವ ಭಾಷೆಯವರು ನಾವು. ಆ ಪದಗಳನ್ನು ಭಾವಗೀತೆಗೆ ಮೀಸಲಿಟ್ಟು, ಗ್ಯಾರೇಜಿಗೆ ಹೋದಾಗ ಮಾತ್ರ ‘ಮಳೆ ಬಂದರೆ ಸೌಂಡ್ ಬರುತ್ತೆ’ ಎಂದು ಸುಮ್ಮನಾಗುತ್ತೇವೆ.

ಎರಡನೆಯ ಪ್ರಶ್ನೆ: ಹೋಗುವಾಗಲೋ, ಬರುವಾಗಲೋ? ಪೊರಕೆಯನ್ನು ಎಳೆದರೆ ಗುಡಿಸುತ್ತದೆ, ಕಡ್ಡಿಯ ತುದಿ ಮುಂದಾಗಿ ನೂಕಿದರೆ ಎಡವುತ್ತದೆ. ವೈಪರಿನ ರಬ್ಬರಿನ ತುದಿಯೂ ಹಾಗೆಯೇ. ಹೋಗುವಾಗ ಒಂದು ಕಡೆಗೆ ಒರಗಿ, ತಿರುಗಿ ಬರುವಾಗ ಮಗುಚಿ ಇನ್ನೊಂದು ಕಡೆಗೆ ಒರಗಿ, ಯಾವಾಗಲೂ ಬ್ಲೇಡಿನ ಹಿಂದಿನಿಂದ ಎಳೆಸಿಕೊಂಡು ಬರಬೇಕು. ಆರ್ಮ್ ಸ್ವಲ್ಪ ತಿರುಚಿಕೊಂಡಿದ್ದರೆ ಒಂದು ದಿಕ್ಕಿನಲ್ಲಿ ಅದು ಮಗುಚುವುದಿಲ್ಲ, ನೂಕಿಸಿಕೊಂಡು ಎಡವುತ್ತದೆ. ಒಂದೇ ದಿಕ್ಕಿಗೆ ಅದುರುವ ವೈಪರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಆರ್ಮಿನ ಈ ಕೋನವನ್ನು. ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ರಬ್ಬರೇ ಒಂದು ಮಗ್ಗುಲಿಗೆ ಒರಗಿ ಸೆಟೆದುಕೊಂಡಿದ್ದರೂ ಹೀಗಾಗುತ್ತದೆ. ಎರಡೂ ದಿಕ್ಕಿಗೆ ಅದುರಿದರೆ ಮೊದಲು ಗಾಜನ್ನು ನೋಡಬೇಕು.

ಗಾಜಿನ ಮೇಲೆ ಏನಿರುತ್ತದೆ? ಮುಂದಿನ ಲಾರಿಯ ಡೀಸೆಲ್ ಮಸಿ, ರಸ್ತೆಯ ಎಣ್ಣೆ, ನೆರಳಿಗೆಂದು ನಿಲ್ಲಿಸಿದ ಮರದ ಅಂಟು, ಕಾರು ತೊಳೆಯುವವರು ಹೊಳಪಿಗೆಂದು ಹಚ್ಚಿದ ಮೇಣ. ಕಣ್ಣಿಗೆ ಕಾಣದಷ್ಟು ತೆಳುವಾದ ಈ ಜಿಡ್ಡು ನೀರಿನ ಪದರವನ್ನು ಒಡೆಯುತ್ತದೆ. ಒಂದು ಚೊಂಬು ನೀರು ಸುರಿದು ನೋಡಿ: ನೀರು ಹಾಳೆಯಂತೆ ಹರಡಿದರೆ ಗಾಜು ಶುದ್ಧ, ಕೆಸುವಿನೆಲೆಯ ಮೇಲಿನ ಹಾಗೆ ಮಣಿಮಣಿಯಾದರೆ ಮೇಲೆ ಏನೋ ಕೂತಿದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಗಾಜನ್ನು ಉಜ್ಜಿ, ಸೋಪು ಉಳಿಯದಂತೆ ತೊಳೆಯಬೇಕು. ಒದ್ದೆ ಬಟ್ಟೆಯಿಂದ ರಬ್ಬರಿನ ಅಂಚನ್ನು ಕಪ್ಪು ಬಿಡುವುದು ನಿಲ್ಲುವ ತನಕ ಒರೆಸಬೇಕು. ಇಷ್ಟಾದರೂ ಹೋಗದಿದ್ದರೆ ಆರ್ಮ್. ಬೀಸಿನ ನಡುವಿನಲ್ಲಿ ಬ್ಲೇಡ್ ಗಾಜಿಗೆ ನೆಟ್ಟಗೆ ನಿಂತಿದೆಯೇ ನೋಡಿ, ಓರೆಯಾಗಿದ್ದರೆ ಆರ್ಮಿನ ತುದಿಗೆ ಬಟ್ಟೆ ಸುತ್ತಿ ಇಕ್ಕಳದಿಂದ ಕೂದಲೆಳೆಯಷ್ಟು ತಿರುಗಿಸಬೇಕು. ಆಗ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿರಬೇಕು, ಸ್ಪ್ರಿಂಗ್ ಎಳೆದು ಆರ್ಮ್ ಬಡಿದರೆ ಗಾಜು ಬಿರುಕು ಬಿಡುತ್ತದೆ. ಇದಾದ ಮೇಲೆ ಸ್ಪ್ರಿಂಗು, ಕೀಲು. ಕೊನೆಯಲ್ಲಿ ಬ್ಲೇಡು. ಅದರಲ್ಲೂ ಹಳೆಯ ಮಾದರಿಯ ಬ್ಲೇಡಾದರೆ ಎಷ್ಟೋ ಸಲ ರಬ್ಬರನ್ನಷ್ಟೇ ಬದಲಾಯಿಸಬಹುದು.

ಬ್ಲೇಡ್ ಸವೆಯುವ ವಸ್ತುವೇ ಅಲ್ಲವೇ ಎಂದು ಕೇಳಬಹುದು. ಹೌದು, ಸವೆಯುತ್ತದೆ. ನಮ್ಮ ಬಿಸಿಲಿಗೆ ವರ್ಷದೊಳಗೇ ಗಟ್ಟಿಯಾಗುತ್ತದೆ. ಅಂಚು ಹರಿದ ಬ್ಲೇಡನ್ನು ಇಟ್ಟುಕೊಂಡು ಓಡಾಡಿ ಎಂದು ನಾನು ಹೇಳುತ್ತಿಲ್ಲ. ಕೊನೆಯಲ್ಲಿ ಬರಬೇಕಾದ ಉತ್ತರ ಮೊದಲಲ್ಲೇ ಬಂದುಬಿಟ್ಟರೆ ನಡುವಿನ ಪ್ರಶ್ನೆಗಳೆಲ್ಲ ಸತ್ತುಹೋಗುತ್ತವೆ ಎನ್ನುತ್ತಿದ್ದೇನೆ. ಹೊಸ ರಬ್ಬರ್ ಜಿಡ್ಡಿನ ಗಾಜಿನ ಮೇಲೂ ಕೆಲವು ದಿನ ಚೆನ್ನಾಗಿಯೇ ಓಡುತ್ತದೆ, ಅದರಿಂದಲೇ ನಾವು ಮೋಸಹೋಗುವುದು. ಆಷಾಢದ ರಾತ್ರಿ ಶಿರಾಡಿ ಘಾಟಿಯಲ್ಲಿ ಎದುರು ಬರುವ ಲಾರಿಯ ದೀಪ ಆ ಜಿಡ್ಡಿನಲ್ಲಿ ಚದುರಿ ಇಡೀ ಗಾಜು ಬೆಳ್ಳಗಾಗುವ ಎರಡು ಸೆಕೆಂಡಿನಲ್ಲಿ, ಬ್ಲೇಡ್ ಮೊನ್ನೆ ತಾನೇ ಹಾಕಿಸಿದ್ದು ಎಂಬ ಸಮಾಧಾನ ಯಾವ ಉಪಯೋಗಕ್ಕೂ ಬರುವುದಿಲ್ಲ.

ಇದರಲ್ಲಿ ವ್ಯಾಪಾರದ ಪಾಲು ಗುಟ್ಟಿನದೇನಲ್ಲ. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂಬ ಮಾತನ್ನೆತ್ತಿ ಸಮಿತಿ ಮಾಡಿತು, ಅದೇ ವರ್ಷದ ಕೊನೆಗೆ ಜಾಲತಾಣವೂ ಬಂತು. ಹಕ್ಕು ಬೇಕು, ಸರಿ. ಆದರೆ ಏನು ಕೇಳಬೇಕೆಂದೇ ಗೊತ್ತಿಲ್ಲದವನ ಕೈಗೆ ಹಕ್ಕು ಕೊಟ್ಟು ಏನು ಪ್ರಯೋಜನ? ನಾನು ನೋಡಿದ ಕಾರುಗಳ ಕೈಪಿಡಿಗಳೆಲ್ಲ ಇಂಗ್ಲಿಷಿನವು, ಅವೂ ವೈಪರಿನ ವಿಷಯ ಬಂದಾಗ ಎರಡು ಸಾಲಿನಲ್ಲಿ ಡೀಲರನ್ನು ಕಾಣಿ ಎನ್ನುತ್ತವೆ. ಬಾಡಿಗೆ ಕಾರು ಓಡಿಸುವ ಕನ್ನಡದ ಚಾಲಕನಿಗೆ ಈ ‘ಏಕೆ’ಯನ್ನು ಯಾರು ಹೇಳಬೇಕು?

ನಾವು ಹೇಳಬೇಕಿತ್ತು ಎಂಬುದು ನನ್ನ ವಾದ. ಸಾಹಿತ್ಯಕ್ಕೂ ವೈಪರಿಗೂ ಏನು ಸಂಬಂಧ ಎನ್ನುವವರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಅರ್ಧ ಓದಿದವರು. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಂತರ್ಜಲ ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ, ದನಕರುಗಳ ಕಾಯಿಲೆ ಎಲ್ಲವೂ ಕನ್ನಡ ಪದ್ಯದಲ್ಲಿವೆ. ಶಿವರಾಮ ಕಾರಂತರು ಕಾದಂಬರಿ ಬರೆದ ಕೈಯಲ್ಲೇ ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಪುಸ್ತಕವಾಗಿಯೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ವಸ್ತುವನ್ನು ಕುರಿತು ಬರೆಯುವುದು ನಮ್ಮಲ್ಲಿ ಕೀಳಾಗಿರಲಿಲ್ಲ. ಅದನ್ನು ಪಠ್ಯಪುಸ್ತಕ ಸಮಿತಿಗೂ ಪರಿಭಾಷಾ ಕೋಶಕ್ಕೂ ಒಪ್ಪಿಸಿ ಕೈತೊಳೆದುಕೊಂಡದ್ದು ಆಮೇಲೆ. ಈಗ ನಮ್ಮ ವಿಭಾಗಗಳಲ್ಲಿ ಕಾಯಕದ ಮೇಲೆ ವರ್ಷಕ್ಕೆ ನಾಲ್ಕು ವಿಚಾರಸಂಕಿರಣ ನಡೆಯುತ್ತವೆ. ಕಾಯಕ ಮಾಡುವವನಿಗೆ ಏನು ಗೊತ್ತು, ಹೇಗೆ ಗೊತ್ತು ಎಂದು ಕೇಳುವ ಪ್ರಬಂಧ ಅಲ್ಲಿ ಅಪರೂಪ. ಸಂಶೋಧನಾ ವಿದ್ಯಾರ್ಥಿಯೊಬ್ಬ ಗ್ಯಾರೇಜಿನ ಕನ್ನಡದ ಮೇಲೆ ಪಿಎಚ್‌.ಡಿ. ಮಾಡುತ್ತೇನೆಂದರೆ ಮೊದಲು ಕೇಳಿಬರುವುದು, ಇದಕ್ಕೆ ಸೈದ್ಧಾಂತಿಕ ಚೌಕಟ್ಟು ಯಾವುದು ಎಂಬ ಪ್ರಶ್ನೆ. ಎರಡನೆಯದು, ವೈಪರಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂಬುದು. ವೈಪರ್ ಎನ್ನುತ್ತಾರೆ. ಅದಕ್ಕೊಂದು ಸಂಸ್ಕೃತದ ಹೆಸರು ಹುಡುಕುವುದರಲ್ಲಿ ಕಳೆಯುವ ಹೊತ್ತಿನಲ್ಲಿ ಅದು ಏಕೆ ಅದುರುತ್ತದೆ ಎಂದು ಒಂದು ಪುಟ ಬರೆಯಬಹುದು.

ಯೂಟ್ಯೂಬಿನಲ್ಲಿ ಎಲ್ಲ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಕನ್ನಡದಲ್ಲೂ ಇದೆ. ನಾವು ಬಿಟ್ಟ ಕೆಲಸವನ್ನು ಆ ಹುಡುಗರು ಮಾಡುತ್ತಿದ್ದಾರೆ, ಅವರಿಗೆ ನಮಸ್ಕಾರ. ಆದರೆ ವಿಡಿಯೊ ಕೈಯನ್ನು ತೋರಿಸುತ್ತದೆ, ಕಾರಣವನ್ನು ಬಹಳ ಸಲ ಹಾರಿಸಿಬಿಡುತ್ತದೆ. ಗ್ಯಾರೇಜಿನ ಜ್ಞಾನವೆಲ್ಲ ಚಿನ್ನ ಎಂದೂ ನಾನು ಹೇಳುವುದಿಲ್ಲ. ರಬ್ಬರಿಗೆ ಸೀಮೆಎಣ್ಣೆ ಸವರಿ ಎನ್ನುವವರು ಅಲ್ಲೂ ಇದ್ದಾರೆ. ಸೀಮೆಎಣ್ಣೆ ರಬ್ಬರನ್ನು ಊದಿಸಿ ಕೆಡಿಸುತ್ತದೆ, ಗಾಜಿಗೆ ಜಿಡ್ಡನ್ನೂ ಸೇರಿಸುತ್ತದೆ. ಸರಿಯಾದದ್ದನ್ನೂ ತಪ್ಪಾದದ್ದನ್ನೂ ಅಕ್ಕಪಕ್ಕ ಇಟ್ಟು ತೂಗಿ ನೋಡಬೇಕಾದರೆ ಅದು ಬರಹಕ್ಕೆ ಬರಬೇಕು. ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು. ಇದಕ್ಕೇ ಅಲ್ಲವೇ ನಾವು ಸಂಶೋಧನೆ ಎನ್ನುವುದು?

ಆದ್ದರಿಂದ ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಒತ್ತಾಯ. ಮುಂಗಾರು ಮುಗಿಯುವುದರೊಳಗೆ ನಿಮ್ಮ ಊರಿನ ಒಬ್ಬ ಮೆಕ್ಯಾನಿಕ್ಕನ ಹತ್ತಿರ ಒಂದು ಮಧ್ಯಾಹ್ನ ಕೂತು, ಅವರು ಗಾಡಿ ತಂದವರನ್ನು ಯಾವ ಪ್ರಶ್ನೆ ಕೇಳುತ್ತಾರೆ, ಯಾವುದಾದ ಮೇಲೆ ಯಾವುದನ್ನು ಕೇಳುತ್ತಾರೆ, ಯಾವ ಉತ್ತರಕ್ಕೆ ಯಾವ ಉಪಕರಣ ಎತ್ತುತ್ತಾರೆ ಎಂದು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅವರು ಹೇಳಿದ್ದು ತಪ್ಪು ಅನಿಸಿದರೆ ಏಕೆ ತಪ್ಪೆಂದೂ ಬರೆಯಿರಿ. ಬರೆದದ್ದನ್ನು ಕವಿತೆ, ಕತೆಗಳನ್ನು ಕಳಿಸುವ ಹಾಗೆಯೇ ಪತ್ರಿಕೆಗಳಿಗೆ ಕಳಿಸಿ. ‘ಇದು ಸಾಹಿತ್ಯವಲ್ಲ’ ಎಂದು ವಾಪಸು ಬಂದರೆ, ಹಾಗಾದರೆ ಚಾವುಂಡರಾಯ ಬರೆದದ್ದೇನು ಎಂದು ಸಂಪಾದಕರನ್ನು ಕೇಳಿ.