ವಜ್ರದ ವ್ಯಾಪಾರಿಯ ಕೊಲೆಯೂ ಶಾಲೆಯ ಪುಸ್ತಕದ ಕಪಾಟೂ

ಪತ್ತೇದಾರಿ ಕಾದಂಬರಿಗಳನ್ನು ಶಾಲೆಯ ಕಪಾಟಿನಲ್ಲಿ ಇರಿಸಕೂಡದೆಂಬ ಅಭಿಪ್ರಾಯ ನಮ್ಮ ಉಪಾಧ್ಯಾಯ ವರ್ಗದಲ್ಲಿ ಬಹುಕಾಲದಿಂದ ಬೇರೂರಿದೆ. ಅದಕ್ಕೆ ಕೊಡುವ ಕಾರಣಗಳು ಎರಡು. ಅವು ಎಳೆಯರಿಗೆ ಕಳವು ಕೊಲೆಗಳ ದಾರಿಯನ್ನು ಕಲಿಸುತ್ತವೆ ಎಂಬುದು ಒಂದು; ಅವು ಸಾಹಿತ್ಯವೇ ಅಲ್ಲ, ಬರಿಯ ಹೊತ್ತು ಕಳೆಯುವ ಸರಕು ಎಂಬುದು ಇನ್ನೊಂದು. ಈ ಎರಡೂ ಕಾರಣಗಳು ಟೊಳ್ಳೆಂದೂ, ಹೊರಿಸಬೇಕಾದ ನಿಜವಾದ ಆರೋಪ ಬೇರೆಯೇ ಇದೆಯೆಂದೂ ನನ್ನ ವಾದ. ವಾದವು ಗಾಳಿಯಲ್ಲಿ ತೇಲದಿರಲೆಂದು ಒಂದು ಕೃತಿಯನ್ನು ಎದುರಿಗಿಟ್ಟುಕೊಂಡೇ ಮಾತನಾಡುತ್ತೇನೆ. ಕಥೆಯ ಗುಟ್ಟು ಬಯಲಾಯಿತೆಂದು ವಾಚಕರು ಮುನಿಯಬಾರದು. ಗುಟ್ಟನ್ನು ಮುಟ್ಟದೆ ಈ ವಿಚಾರವನ್ನು ಹೇಳಲಾಗದು.

ಬೆಲ್ಜಿಯಂ ದೇಶದ ಲಿಯೇಜ್ ನಗರದಲ್ಲಿ 1903ರಲ್ಲಿ ಹುಟ್ಟಿ, ಫ್ರೆಂಚ್ ಭಾಷೆಯಲ್ಲಿ ಬರೆದು, 1989ರಲ್ಲಿ ತೀರಿಕೊಂಡ ಜಾರ್ಜ್ ಸಿಮೆನಾನ್ ಎಂಬ ಲೇಖಕನ ಒಂದು ಕಾದಂಬರಿ 1931ರಲ್ಲಿ ಪ್ರಕಟವಾಯಿತು. ಅದರ ಹೆಸರನ್ನು ಕನ್ನಡದಲ್ಲಿ ‘ಕೂಡುದಾರಿಯ ರಾತ್ರಿ’ ಎನ್ನಬಹುದು. ಮರುವರ್ಷವೇ ಜಾನ್ ರೆನ್ವಾರ್ ಅದನ್ನು ಚಲನಚಿತ್ರವಾಗಿಸಿದನು. ಪ್ಯಾರಿಸ್ಸಿನಿಂದ ಹೊರಟ ಹೆದ್ದಾರಿಯಲ್ಲಿ, ಊರಿನಿಂದ ದೂರವಾದ ಒಂದು ಕೂಡುದಾರಿ. ಅಲ್ಲಿ ಮೂರೇ ಮನೆಗಳು. ಒಂದರಲ್ಲಿ ವಿಮಾ ಏಜೆಂಟ್ ಮಿಶೊನೆ. ಇನ್ನೊಂದರಲ್ಲಿ ಡೆನ್ಮಾರ್ಕಿನಿಂದ ಬಂದ ಕಾರ್ಲ್ ಆಂಡರ್ಸನ್ ಮತ್ತು ಅವನ ತಂಗಿಯೆಂದು ಹೇಳಿಕೊಳ್ಳುವ ಎಲ್ಸ್. ಮೂರನೆಯದು ಆಸ್ಕರನ ಮೋಟಾರು ಗ್ಯಾರೇಜು. ಒಂದು ಬೆಳಿಗ್ಗೆ ಏಜೆಂಟನ ಹೊಸ ಕಾರು ಆಂಡರ್ಸನ್ನನ ಕೊಟ್ಟಿಗೆಯಲ್ಲಿ ದೊರೆಯುತ್ತದೆ. ಅದರೊಳಗೆ ಆಂಟ್‌ವರ್ಪ್ ನಗರದ ವಜ್ರದ ವ್ಯಾಪಾರಿ ಐಸಾಕ್ ಗೋಲ್ಡ್‌ಬರ್ಗ್ ಗುಂಡೇಟಿನಿಂದ ಸತ್ತು ಕುಳಿತಿದ್ದಾನೆ.

ಈಗ ಮೊದಲನೆಯ ಆಕ್ಷೇಪವನ್ನು ನೋಡೋಣ. ಈ ಕಾದಂಬರಿ ಕೊಲೆಯನ್ನು ಕಲಿಸುತ್ತದೆಯೆ? ವ್ಯಾಪಾರಿಯ ಕೊಲೆಯಾದದ್ದು ಕಥೆ ತೊಡಗುವುದಕ್ಕಿಂತ ಮುಂಚೆ. ನಮ್ಮ ಕಣ್ಣ ಮುಂದೆ ನಡೆಯುವುದು ವಿಚಾರಣೆ. ಪೊಲೀಸ್ ಅಧಿಕಾರಿ ಮೇಗ್ರೆ ಆಂಡರ್ಸನ್ನನನ್ನು ಒಂದೇ ಸಮನೆ 17 ಗಂಟೆಗಳ ಕಾಲ ಪ್ರಶ್ನಿಸುತ್ತಾನೆ, ಏನೂ ಹೊರಡುವುದಿಲ್ಲ. ದಣಿಸಿ ಬಾಯಿ ಬಿಡಿಸುವ ದಾರಿ ಸೋತ ಮೇಲೆ ಅವನು ತಾನೇ ಕೂಡುದಾರಿಗೆ ಹೋಗಿ ಮೂರು ಮನೆಗಳನ್ನೂ, ಬಂದುಹೋಗುವವರನ್ನೂ ತಾಳ್ಮೆಯಿಂದ ಗಮನಿಸುತ್ತಾನೆ. ಸತ್ಯ ತಿಳಿಯುವುದು ಹಾಗೆ. ಮುಂಚೆಯೇ ತೀರ್ಪನ್ನು ಕೈಯಲ್ಲಿ ಹಿಡಿದು ಹೋದವನಿಗೆ ಸತ್ಯ ಕಾಣದು, ಕಣ್ಣು ತೆರೆದು ನೋಡಿದವನಿಗೆ ಮಾತ್ರ ಕಾಣುತ್ತದೆ ಎಂಬ ಪಾಠವನ್ನು ನಮ್ಮ ನೀತಿಪಾಠಗಳು ಇದಕ್ಕಿಂತ ಚೆನ್ನಾಗಿ ಹೇಳಿವೆಯೆಂದು ನಾನು ಒಪ್ಪಲಾರೆ. ಕೊಲೆಯ ಕಥೆ ಬೇಡವೆನ್ನುವವರು ಮಹಾಭಾರತವನ್ನೂ ಕಪಾಟಿನಿಂದ ಇಳಿಸಬೇಕಾದೀತು.

ಎರಡನೆಯ ಆಕ್ಷೇಪ ಸಾಹಿತ್ಯದ್ದು. ಫ್ರೆಂಚ್ ಸಾಹಿತ್ಯದಲ್ಲಿ ಬಹುಮಾನ್ಯನಾದ ಆಂದ್ರೆ ಜೀದ್ ಸಿಮೆನಾನ್‌ನನ್ನು ಮನಸಾರೆ ಮೆಚ್ಚಿದವನು. ಆದರೆ ದೊಡ್ಡವರ ಮೆಚ್ಚುಗೆಯನ್ನೇ ಪ್ರಮಾಣವಾಗಿ ಒಡ್ಡುವುದು ನನ್ನ ಇಷ್ಟವಲ್ಲ. ನಮ್ಮವರನ್ನೇ ನೋಡಿ. 2011ರಲ್ಲಿ ನಿಧನರಾದ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ನೂರಾರು ಕಾದಂಬರಿಗಳನ್ನು ಬರೆದರು. ಪಠ್ಯದ ಹೊರಗೆ ಒಂದು ಪುಟವನ್ನೂ ತಿರುವದವರು ಅವರ ಪುಸ್ತಕವನ್ನು ಹಿಡಿದು ರಾತ್ರಿಯೆಲ್ಲ ಓದಿದರು. ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಮಕ್ಕಳು ಪರೀಕ್ಷೆಗಲ್ಲದೆ ಸಂತೋಷಕ್ಕಾಗಿ ಕನ್ನಡ ಓದುವುದೇ ಭಾಷೆಯ ಉಸಿರು. ಹಾಗೆ ಓದುತ್ತಿರುವ ಹುಡುಗನ ಕೈಯಿಂದ ಪುಸ್ತಕವನ್ನು ಕಸಿಯುವವರು ಕನ್ನಡಕ್ಕೆ ಮಾಡುವ ಸೇವೆ ಯಾವುದು? ಕಸಿದ ಮೇಲೆ ಆ ಕೈಗೆ ಬೇರೆ ಯಾವ ಪುಸ್ತಕವನ್ನು ಕೊಟ್ಟಿದ್ದಾರೆ?

ಹಾಗಾದರೆ ಈ ಜಾತಿಯ ಪುಸ್ತಕಗಳಲ್ಲಿ ದೋಷವೇ ಇಲ್ಲವೆ? ಇದೆ. ಪತ್ತೇದಾರಿ ಕಾದಂಬರಿಯನ್ನು ಕೇಳಬೇಕಾದ ಪ್ರಶ್ನೆಗಳು ಎರಡು: ಅದು ಯಾರನ್ನು ಸಂಶಯಿಸಲು ಕಲಿಸುತ್ತದೆ? ಯಾರ ಸಾವನ್ನು ಲೆಕ್ಕಕ್ಕೆ ಹಿಡಿಯದಿರಲು ಕಲಿಸುತ್ತದೆ?

ಮೊದಲ ಪ್ರಶ್ನೆಯಲ್ಲಿ ಸಿಮೆನಾನ್ ಗೆಲ್ಲುತ್ತಾನೆ. ಆಂಡರ್ಸನ್ ಪರದೇಶಿ, ಅವನ ಒಂದು ಕಣ್ಣು ಗಾಜಿನದು, ಯಾರೊಡನೆಯೂ ಬೆರೆಯದವನು. ಓದುಗನ ಬೆರಳು ತಾನಾಗಿ ಅವನತ್ತ ತಿರುಗುತ್ತದೆ. ಕೊನೆಗೆ ತಿಳಿಯುವುದೇನು? ಆ ಮೂರು ಮನೆಗಳಲ್ಲಿ ನಿರ್ದೋಷಿ ಅವನೇ. ಗ್ಯಾರೇಜು ಕಳವಿನ ಸರಕಿನ ಅಡ್ಡೆ. ಕಾರು ಹೋಯಿತೆಂದು ಬೊಬ್ಬೆಯಿಟ್ಟ ಮರ್ಯಾದಸ್ಥ ಏಜೆಂಟನೂ ಆ ಗುಂಪಿನವನೇ. ತಂಗಿಯೆನಿಸಿಕೊಂಡ ಎಲ್ಸ್ ನಿಜವಾಗಿ ಆಂಡರ್ಸನ್ನನ ಹೆಂಡತಿ. ಅವಳೂ ಅವರೊಡನೆ ಕೂಡಿದವಳು. ಸುತ್ತಲಿನವರದೊಂದು ಮಾತು, ತನ್ನದೊಂದು ಮಾತು ಆಗಿರುವವನ ಮೇಲೆ ಅನುಮಾನ ಎಷ್ಟು ಸುಲಭವಾಗಿ ಬೀಳುತ್ತದೆಂಬುದನ್ನು ಗಡಿನಾಡಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಪ್ರಶ್ನೆಯಲ್ಲಿ ಇದೇ ಲೇಖಕ ಸೋಲುತ್ತಾನೆ. ಸತ್ತ ಗೋಲ್ಡ್‌ಬರ್ಗ್ ಯಾರು? ಹೆಸರೇ ಹೇಳುವಂತೆ ಯಹೂದಿ. ವಜ್ರದ ವ್ಯಾಪಾರಿ, ಕಳವಿನ ಒಡವೆಗಳ ವ್ಯವಹಾರದ ನಂಟುಳ್ಳವನು. ಇಷ್ಟನ್ನು ಹೇಳಿ ಕಾದಂಬರಿ ಅವನನ್ನು ಮರೆತುಬಿಡುತ್ತದೆ. ಅವನ ಗುರುತು ಹೇಳಲು ಆಂಟ್‌ವರ್ಪಿನಿಂದ ರಾತ್ರಿ ಬಂದ ಹೆಂಡತಿ ಕಾರಿನಿಂದ ಇಳಿಯುತ್ತಿದ್ದಂತೆಯೇ ಕತ್ತಲೆಯಿಂದ ಹಾರಿದ ಗುಂಡು ಅವಳನ್ನೂ ಉರುಳಿಸುತ್ತದೆ. ಅತ್ತು ಕೇಳಬಹುದಾಗಿದ್ದ ಒಬ್ಬಳೂ ಹೋದಳು. ಓದುಗನಿಗೆ ಅವರಿಬ್ಬರೂ ಕಥೆಯ ಬೀಗಕ್ಕೆ ಬೇಕಾದ ಎರಡು ಮೊಳೆಗಳು ಮಾತ್ರ.

ಇದು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಇದೇ ಸಿಮೆನಾನ್ 1921ರಲ್ಲಿ, ಇನ್ನೂ ಹದಿನೆಂಟರ ತರುಣ ಪತ್ರಕರ್ತನಾಗಿದ್ದಾಗ, ಲಿಯೇಜಿನ ಪತ್ರಿಕೆಯೊಂದರಲ್ಲಿ ಯಹೂದಿಗಳಿಂದ ಲೋಕಕ್ಕೆ ಅಪಾಯವಿದೆಯೆಂದು ಲೇಖನಮಾಲೆಯನ್ನೇ ಬರೆದಿದ್ದನು. ಯಹೂದಿಯೆಂದರೆ ಹಣ, ಹಣವೆಂದರೆ ಮೋಸ ಎಂಬ ಎಣಿಕೆ ಅಂದಿನ ಯೂರೋಪಿನ ಗಾಳಿಯಲ್ಲಿತ್ತು. ಕಾದಂಬರಿ ಬಂದು ಹನ್ನೊಂದು ವರ್ಷಗಳಾಗುವಷ್ಟರಲ್ಲಿ, 1942ರಲ್ಲಿ, ಅದೇ ಆಂಟ್‌ವರ್ಪಿನ ಬೀದಿಗಳಲ್ಲಿ ಯಹೂದಿಗಳನ್ನು ಮನೆಮನೆಯಿಂದ ಎಳೆದೊಯ್ದರು. 1942ರಿಂದ 1944ರ ವರೆಗೆ ಬೆಲ್ಜಿಯಂ ದೇಶವೊಂದರಿಂದಲೇ 25,000ಕ್ಕೂ ಹೆಚ್ಚು ಯಹೂದಿಗಳನ್ನು ಆಶ್ವಿಟ್ಸ್ ಮೊದಲಾದ ಶಿಬಿರಗಳಿಗೆ ಸಾಗಿಸಲಾಯಿತು, ಹಿಂದಿರುಗಿದವರು ಕೆಲವರು. ಒಂದು ಕಾದಂಬರಿ ಇದಕ್ಕೆ ಕಾರಣವೆನ್ನುವುದು ಹುಚ್ಚು ಮಾತು. ಆದರೆ ಒಂದು ಬಗೆಯ ಮನುಷ್ಯ ಸತ್ತರೆ ಮರುಗಬೇಕಾಗಿಲ್ಲವೆಂಬ ಅಭ್ಯಾಸ ಒಮ್ಮೆಗೇ ಬರುವುದಿಲ್ಲ. ಕಥೆಗಳಲ್ಲಿ, ಗಾದೆಗಳಲ್ಲಿ, ಹಾಸ್ಯದಲ್ಲಿ ಹನಿಹನಿಯಾಗಿ ಇಳಿಯುತ್ತದೆ. ನಮ್ಮ ನಾಟಕದಲ್ಲಿ ಬಡ್ಡಿ ಸಾಹುಕಾರ ಏಟು ತಿಂದಾಗ ಚಪ್ಪಾಳೆ ತಟ್ಟುವ ಸಭೆಯೂ ಈ ಅಭ್ಯಾಸದಿಂದ ತೀರ ದೂರವಿಲ್ಲ. ಕೊಲೆಯಾದವನು ಕಳ್ಳಮಾಲಿನವನೇ ಆಗಿರಲಿ, ಅವನಿಗೆ ಸಲ್ಲಬೇಕಾದುದು ನ್ಯಾಯಸ್ಥಾನ, ಕತ್ತಲೆಯ ಗುಂಡಲ್ಲ.

ಆದುದರಿಂದ, ಉಪಾಧ್ಯಾಯ ಬಂಧುಗಳೇ, ನಿಷೇಧ ಸಾಕು. ನಿಷೇಧಿಸಿದ ಪುಸ್ತಕ ಓದದೆ ಉಳಿಯುವುದಿಲ್ಲ. ಪಾಠಪುಸ್ತಕದ ಮರೆಯಲ್ಲಿ, ಕೇಳುವವರಿಲ್ಲದೆ ಓದಲ್ಪಡುತ್ತದೆ. ಆಗ ಒಳ್ಳೆಯದರೊಡನೆ ಕೆಟ್ಟದ್ದೂ ಪ್ರಶ್ನೆಯಿಲ್ಲದೆ ಒಳಗಿಳಿಯುತ್ತದೆ. ಪುಸ್ತಕವನ್ನು ಬೆಳಕಿಗೆ ತನ್ನಿ. ಮೇಲಿನ ತರಗತಿಯ ಮಕ್ಕಳು ಓದಿ ಮುಗಿಸಿದ ಮೇಲೆ ಮೂರು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯಿರಿ: ನಿನಗೆ ಮೊದಲು ಯಾರ ಮೇಲೆ ಸಂಶಯ ಬಂದಿತು? ಅದಕ್ಕೆ ಸಾಕ್ಷ್ಯವಿತ್ತೆ, ಬರಿಯ ವೇಷ ಭಾಷೆಗಳಿದ್ದವೆ? ಸತ್ತವನಿಗಾಗಿ ಈ ಪುಸ್ತಕದಲ್ಲಿ ಯಾರು ಅತ್ತರು? ವಿದ್ಯಾರ್ಥಿಗಳೇ, ನಿಮ್ಮ ಉಪಾಧ್ಯಾಯರು ಈ ಪ್ರಶ್ನೆಗಳನ್ನು ಕೇಳದಿದ್ದರೆ ನೀವೇ ಕೇಳಿಕೊಳ್ಳಿರಿ.