ಕಕ್ಕಸು ನಮ್ಮದು, ಸರ್ಟಿಫಿಕೇಟು ಕಂಪನಿಯದು!

ಮಿಡಿಸೌತೆ ಬೆಳೆಯುವ ಅಣ್ಣಂದಿರೇ, ಅಕ್ಕಂದಿರೇ,

ಬರುವ ಶುಕ್ರವಾರ ಆಡಿಟ್‌ನವರು ಬರುತ್ತಾರಂತೆ. ಅದಕ್ಕೇ ಮೂರು ದಿನದಿಂದ ಕಾಯಿ ಕೊಳ್ಳುವ ಕಂಪನಿಯ ಫೀಲ್ಡ್‌ಮನ್‌ಗಳು ಮನೆಮನೆಗೆ ಬಂದು ಖಾಲಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ. ಯಾವತ್ತು ಯಾವ ಔಷಧಿ ಹೊಡೆದಿರಿ, ಹೊಡೆದ ಎಷ್ಟು ದಿನಕ್ಕೆ ಕಾಯಿ ಬಿಡಿಸಿದಿರಿ, ಎಲ್ಲವನ್ನೂ ಆಮೇಲೆ ಅವರೇ ತುಂಬುತ್ತಾರೆ. ಒಂದೇ ರಾತ್ರಿ, ಒಂದೇ ಪೆನ್ನು. ಮೊನ್ನೆ ನಮ್ಮ ಕಡೆಯ ನಾಲ್ಕು ಜನ, "ಸಹಿ ಹಾಕ್ತೀವಿ ಸ್ವಾಮಿ, ಸರ್ಟಿಫಿಕೇಟಿನ ಒಂದು ಜೆರಾಕ್ಸ್ ಕೊಡಿ" ಎಂದರು. ಸಿಕ್ಕ ಉತ್ತರ: "ಮುಂದಿನ ಬೆಳೆಗೆ ನಿಮಗೆ ಬೀಜ ಇಲ್ಲ."

ಜೆರಾಕ್ಸ್ ಕೇಳಿದ್ದಕ್ಕೆ! ಫ್ಯಾಕ್ಟರಿಯಲ್ಲಿ ಪಾಲು ಕೇಳಲಿಲ್ಲ, ಕೆಜಿಗೆ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ. ಎರಡು ರೂಪಾಯಿಯ ಜೆರಾಕ್ಸ್!

ಈ ಕಾಗದದ ಮೂಲ ಗೊತ್ತಿರಲಿ. 1997ರಲ್ಲಿ ಯುರೋಪಿನ ದೊಡ್ಡ ಅಂಗಡಿಯವರು ಸೇರಿ ಯುರೆಪ್‌ಗ್ಯಾಪ್ ಅಂತ ಶುರು ಮಾಡಿದರು. 2007ರಲ್ಲಿ ಅದೇ ಗ್ಲೋಬಲ್‌ಗ್ಯಾಪ್ ಆಯಿತು. ಕಚೇರಿ ಜರ್ಮನಿಯ ಕಲೋನ್‌ನಲ್ಲಿ. ಒಳ್ಳೆಯ ಬೇಸಾಯಕ್ಕೆ ಅವರ ಪಟ್ಟಿ ಇದೆ: ಔಷಧಿಗೆ ಬೀಗದ ಕೋಣೆ, ಖಾಲಿ ಡಬ್ಬ ಮೂರು ಸಲ ತೊಳೆಯುವುದು, ಹೊಡೆಯುವವನಿಗೆ ಮಾಸ್ಕು ಕೈಗವಸು, ಕಾಯಿ ಬಿಡಿಸುವ ಹೆಣ್ಣುಮಕ್ಕಳಿಗೆ ಕೈತೊಳೆಯಲು ನೀರು, ಕಕ್ಕಸು. ಇವು ಬೇಡ ಎನ್ನುವಷ್ಟು ದಡ್ಡರು ನಾವಲ್ಲ. ಔಷಧಿ ಹೊಡೆದು ತಲೆಸುತ್ತಿ ಬದುವಿನ ಮೇಲೆ ಬಿದ್ದವರು ನಾವೇ ಹೊರತು ಕಲೋನ್‌ನವರಲ್ಲ.

ಆದರೆ ಕೋಣೆ ಕಟ್ಟಿದ್ದು ಯಾರು? ಕಕ್ಕಸಿನ ಇಟ್ಟಿಗೆಗೆ ಓಲೆ ಅಡವಿಟ್ಟಿದ್ದು ಯಾರು? ಸರ್ಟಿಫಿಕೇಟು ಮಾತ್ರ ಕಂಪನಿ ಹೆಸರಲ್ಲಿ. ಕಂಪನಿ ಬಿಟ್ಟರೆ ಕಕ್ಕಸು ಹೊಲದಲ್ಲೇ ಇರುತ್ತದೆ, ನೀವು ಮಾತ್ರ ರಾತ್ರೋರಾತ್ರಿ ಕೆಟ್ಟ ಬೇಸಾಯಗಾರ!

ಗುಂಪು ಸರ್ಟಿಫಿಕೇಟಿನ ಲೆಕ್ಕ ಕೇಳಿ. ಗುಂಪಿನಲ್ಲಿ 400 ಜನ ಇದ್ದರೆ ಹೊರಗಿನ ಇನ್‌ಸ್ಪೆಕ್ಟರ್ ವರ್ಗಮೂಲ ತೆಗೆದು 20 ಹೊಲ ನೋಡಿದರೆ ಸಾಕು. ಆ ಇಪ್ಪತ್ತರಲ್ಲಿ ಒಬ್ಬ ಎಡವಿದರೂ ಗುಂಪಿಗೇ ಕುತ್ತು ಬರಬಹುದು. ಕುತ್ತಿಗೆ ನಾನೂರು ಜನ, ಕಾಗದಕ್ಕೆ ಒಬ್ಬನೇ ಒಡೆಯ!

ಯುರೋಪಿನಲ್ಲಿ ಬೇರೆ ಮಿತಿ ಗೊತ್ತುಮಾಡದ ಔಷಧಿಯ ಅಂಶ ಕಾಯಿಯಲ್ಲಿ ಕೆಜಿಗೆ 0.01 ಮಿಲಿಗ್ರಾಂ ಮೀರುವ ಹಾಗಿಲ್ಲ. ಔಷಧಿ ಕೊಟ್ಟವರು ಕಂಪನಿಯವರು, ಹೊಡೆಯಲು ಚೀಟಿ ಬರೆದವರೂ ಅವರೇ. ಮಾಲು ರಿಜೆಕ್ಟ್ ಆದರೆ ಲೆಕ್ಕ ನಮ್ಮ ಹೆಸರಿಗೆ. ಬದನೆಯೋ ಟೊಮೆಟೊವೋ ಆಗಿದ್ದರೆ ಸಂತೆಗಾದರೂ ಹಾಕಬಹುದಿತ್ತು. ಮಿಡಿಸೌತೆಯನ್ನು ಸಂತೆಯಲ್ಲಿ ಯಾರು ಮೂಸುತ್ತಾರೆ? ಎಮ್ಮೆ ಮುಂದೆ ಸುರಿಯಬೇಕು. ಎಮ್ಮೆ ಗ್ರೇಡಿಂಗ್ ಕೇಳುವುದಿಲ್ಲ, ಅದೊಂದು ಪುಣ್ಯ.

"ಆಡಿಟ್ ಫೀಸು ಕಂಪನಿ ಕಟ್ಟುತ್ತದೆ, ಕಾಗದ ಅವರದೇ" ಅನ್ನುತ್ತಾರೆ ಬುದ್ಧಿವಂತರು. ಸರಿ, ಚಪ್ಪರದ ಬಾಡಿಗೆ ಕೊಟ್ಟವನೇ ಮದುಮಗ! "ರೈತರಿಗೆ ಓದು ಬರಹ ಸಾಲದು" ಅಂತಲೂ ಅನ್ನುತ್ತಾರೆ. ಖಾಲಿ ಹಾಳೆಗೆ ಸಹಿ ಹಾಕುವಷ್ಟು ಬರುತ್ತದಲ್ಲ, ಇನ್ನೆಷ್ಟು ಬೇಕಂತೆ?

ಹಸಿರು ಶಾಲಿನ ನಾಯಕರನ್ನು ಕೇಳಿದೆವು. ಕಬ್ಬಿನ ಬಾಕಿ ಮುಗಿದ ಮೇಲೆ ನೋಡೋಣ ಎಂದರು. ನಮ್ಮದು ಉಪ್ಪಿನಕಾಯಿ ಬೆಳೆ, ನೆನೆಯುತ್ತಾ ಕೂತಿರುತ್ತದೆ ಅಂದುಕೊಂಡರೇನೋ! ಸಾವಯವದ ಅಣ್ಣಂದಿರು "ವಿಷ ಬಿಡಿ, ಎಲ್ಲ ಸರಿಹೋಗುತ್ತೆ" ಎಂದು ಉಪದೇಶ ಕೊಟ್ಟು, ತಮ್ಮ ಸರ್ಟಿಫಿಕೇಟಿನ ಜೊತೆ ಫೋಟೋ ತೆಗೆಸಿಕೊಳ್ಳಲು ಹೋದರು. ಇನ್ನು ನಮ್ಮಲ್ಲೇ ಹುಟ್ಟಿ, ಕ್ರೇಟಿಗಿಷ್ಟು ಕಮಿಷನ್ ತಿಂದು, ಅಕ್ಕಪಕ್ಕದವರ ಹೆಬ್ಬೆಟ್ಟು ಒತ್ತಿಸುತ್ತಿರುವವರೇ, ನಿಮ್ಮ ಹೆಸರು ಇಲ್ಲಿ ಅಚ್ಚು ಹಾಕಿಲ್ಲ. ಜಾಗ ಸಾಲಲಿಲ್ಲ.

ಬೆಳೆಗಾರರ ಗುಂಪೇ ಸರ್ಟಿಫಿಕೇಟು ಹಿಡಿಯಲು ಗ್ಲೋಬಲ್‌ಗ್ಯಾಪ್ ನಿಯಮದಲ್ಲೇ ಅವಕಾಶವಿದೆ. ನಮ್ಮ ದೇಶದ್ದೇ ಇಂಡ್‌ಗ್ಯಾಪ್ ಕೂಡ ಇದೆ, ಭಾರತೀಯ ಗುಣಮಟ್ಟ ಮಂಡಳಿಯದು. ಹೇಗೆ, ಯಾರ ಹಣದಲ್ಲಿ ಎಂಬುದನ್ನೆಲ್ಲ ಕೂತು ಮಾತಾಡೋಣ. ಮೊದಲು ಕಾಗದ ನಮ್ಮ ಕೈಗೆ ಬರಲಿ.

ಗುರುವಾರ ಸಂಜೆ 6ಕ್ಕೆ ಹಾಲಿನ ಡೈರಿ ಮುಂದೆ ಸೇರೋಣ. ಪುಸ್ತಕ ತನ್ನಿ, ಖಾಲಿಯಿದ್ದರೆ ಖಾಲಿಯಾಗಿಯೇ ತನ್ನಿ. ಅಲ್ಲಿಯವರೆಗೆ ಫೀಲ್ಡ್‌ಮನ್ ಬಂದರೆ ಕಾಫಿ ಕೊಡಿ, ಸಹಿ ಕೊಡಬೇಡಿ.

— ನೊಂದ ಮಿಡಿಸೌತೆ ಬೆಳೆಗಾರರು

(ಓದಿ ಪಕ್ಕದ ಹೊಲದವರಿಗೆ ಕೊಡಿ)